ಐದು ಮಕ್ಕಳು, ಒಂದು ಮೌಸ್: ಆಡುವವರು ಯಾರು, ನೋಡುವವರು ಯಾರು?

ದೊಮ್ಮಲೂರು: ಸಂಜೆ ಆರೂವರೆ ಗಂಟೆ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ 335ಇ ಬಸ್ಸುಗಳು ಒಂದರ ಬೆನ್ನಿಗೊಂದು ನಿಂತಿವೆ. ಒಳಗೆ ಕಾಲಿಡಲು ಜಾಗವಿಲ್ಲ. ಮುಂದಿನ ಬಸ್ಸು ಖಾಲಿ ಬರಬಹುದೆಂಬ ದುರಾಸೆಯಿಂದ ಈ ವರದಿಗಾರ ಊರೊಳಗೆ ತಿರುಗಿ, ಚೊಕ್ಕನಾಥಸ್ವಾಮಿ ಗುಡಿ ಕಡೆ ಹೋಗುವ ದಾರಿಯಲ್ಲಿರುವ ಪರಿಚಯದ ದಿನಸಿ ಅಂಗಡಿಯ ಮುಂದೆ ನಿಂತ.

ಅಂಗಡಿ ಯಜಮಾನರು ಕುಣಿಗಲ್ ಕಡೆಯವರು. ಗಲ್ಲಾಪೆಟ್ಟಿಗೆ ಪಕ್ಕದ ಅಕ್ಕಿ ಮೂಟೆಯ ಮೇಲೆ ಅವರ ಇಬ್ಬರು ಮಕ್ಕಳು. ಹುಡುಗ ಐದನೇ ಕ್ಲಾಸು, ಹುಡುಗಿ ಮೂರನೇ ಕ್ಲಾಸು. ಶಾಲೆಯ ಯೂನಿಫಾರಂ ಇನ್ನೂ ಮೈಮೇಲೇ ಇದೆ. ಹುಡುಗನ ಕೈಯಲ್ಲಿ ಅಪ್ಪನ ಮೊಬೈಲು. ಹುಡುಗಿ ಅಣ್ಣನ ಭುಜದ ಮೇಲೆ ಗಲ್ಲ ಊರಿ ಅದರೊಳಗೇ ಮುಳುಗಿದ್ದಾಳೆ.

"ಪೇಪರ್‌ನೋರೇ, ಬನ್ನಿ, ಬನ್ನಿ. ಇದೇನೋ ಲೆಕ್ಕದ ಆಟ ಅಂತೆ. ಆಡ್ತಾ ಆಡ್ತಾ ಬುದ್ಧಿ ಬೆಳೆಯುತ್ತೆ ಅಂತಾರೆ. ನಿಜವಾಗ್ಲೂ ಬರುತ್ತಾ, ಇಲ್ಲ ಕಣ್ಣು ಹೋಗುತ್ತಾ? ಇದರ ಮೇಲೆ ಒಂದು ಬರೀರಿ ಸ್ವಾಮಿ, ಬರೀ ಕಸ, ನೀರು ಅಂತ ಎಷ್ಟು ದಿನ ಬರೀತೀರಿ" ಅಂದರು ಯಜಮಾನರು.

ಬರೆಯುವ ಮುಂಚೆ ನೋಡಬೇಕಲ್ಲ. ಮೂಟೆಯ ಅಂಚಿನಲ್ಲಿ ಕೂತು ನೋಡಿದೆ.

ಪರದೆಯ ಮೇಲೆ ಒಂದು ತಕ್ಕಡಿ. ಎಡಗಡೆ ತಟ್ಟೆಯಲ್ಲಿ 3 ಮತ್ತು 5ರ ಎರಡು ಕಲ್ಲು. ಬಲಗಡೆ 2ರ ಒಂದು ಕಲ್ಲು, ಪಕ್ಕದಲ್ಲಿ ಖಾಲಿ ಜಾಗ. ಕೆಳಗೆ 4, 5, 6, 7 ಎಂದು ನಾಲ್ಕು ಕಲ್ಲು. ಯಾವುದನ್ನು ಹಾಕಿದರೆ ತಕ್ಕಡಿ ಸಮ ನಿಲ್ಲುತ್ತದೆ? ಹುಡುಗ 4 ಒತ್ತಿದ. ಬುಸ್ ಎಂದಿತು. 5 ಒತ್ತಿದ. ಮತ್ತೆ ಬುಸ್. 6 ಒತ್ತಿದ. ಗಂಟೆ ಬಾರಿಸಿತು, ನಕ್ಷತ್ರ ಉದುರಿತು, ಒಂದು ಆನೆ ಕುಣಿಯಿತು. ಎಲ್ಲಾ ಸೇರಿ ಮೂರು ಸೆಕೆಂಡು.

ಆ ಹುಡುಗಿ ಮಾತ್ರ ಅವನು ಮೊದಲನೇ ಸಲ ಒತ್ತುವ ಮೊದಲೇ "ಆರು, ಆರು ಕಣೋ" ಅಂತ ಪಿಸುಗುಟ್ಟಿದ್ದಳು. ಕೇಳಿಸಿಕೊಂಡವನು ನಾನೊಬ್ಬನೇ. ನಕ್ಷತ್ರ ಅಣ್ಣನ ಖಾತೆಗೆ ಜಮಾ ಆಯಿತು.

ಯಜಮಾನರ ಪ್ರಶ್ನೆ, ಆಟದಿಂದ ಲೆಕ್ಕ ಬರುತ್ತದೆಯೇ ಅಂತ. ಅದನ್ನು ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಇದೆ ಅಂತ ನನಗೆ ಆ ಮೂಟೆಯ ಮೇಲೆ ಹೊಳೆಯಿತು. ಬಂದರೆ ಯಾರಿಗೆ ಬರುತ್ತದೆ?

ಒಗಟಿನ ಆಟ ಬೇರೆ, ಪರೀಕ್ಷೆಗೆ ಬಣ್ಣ ಬಳಿದದ್ದು ಬೇರೆ

ಮಕ್ಕಳಿಗೆಂದು ಮಾಡಿದ ಒಗಟಿನ ವಿಡಿಯೋ ಆಟ ಇವತ್ತಿನದಲ್ಲ. ಅಮೆರಿಕದಲ್ಲಿ 1982ರಲ್ಲೇ 'ರಾಕೀಸ್ ಬೂಟ್ಸ್' ಎಂಬುದು ಬಂತು. ವೈರು, ಸ್ವಿಚ್ಚು ಜೋಡಿಸಿ ಬೇಕಾದ ಆಕಾರವನ್ನು ಮಾತ್ರ ಒದೆಯುವ ಯಂತ್ರ ಕಟ್ಟಬೇಕು. ಆಡುವ ಮಗುವಿಗೆ ಗೊತ್ತಿಲ್ಲದ ಹಾಗೆ ಕಂಪ್ಯೂಟರಿನ ಒಳಗಿನ ತರ್ಕವೇ ತಲೆಗೆ ಹೋಗುತ್ತಿತ್ತು. ಅದಕ್ಕಿಂತ ಹೆಸರು ಮಾಡಿದ್ದು 1996ರ 'ಝೂಂಬಿನಿ'. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಒಳ್ಳೆಯ ಆಟ ಅಂದರೆ ಏನು ಅಂತ ಅದರಲ್ಲಿ ಗೊತ್ತಾಗುತ್ತದೆ.

ಝೂಂಬಿನಿ ಅಂದರೆ ನೀಲಿ ಮೈಯ ಪುಟ್ಟ ಜೀವಿಗಳು. ಪ್ರತಿಯೊಂದಕ್ಕೂ ಕೂದಲು, ಕಣ್ಣು, ಮೂಗು, ಕಾಲು. ಒಂದೊಂದರಲ್ಲೂ ಐದೈದು ನಮೂನೆ. ಅಂದರೆ ಒಟ್ಟು 625 ಬಗೆಯ ಮುಖ. ಹದಿನಾರು ಜನರ ಗುಂಪನ್ನು ಕಟ್ಟಿಕೊಂಡು ದಾರಿ ದಾಟಿಸಬೇಕು. ಒಂದು ಕಡೆ ಕಮರಿ ಬರುತ್ತದೆ. ಅದರ ಮೇಲೆ ಎರಡು ಸೇತುವೆ. ಒಂದು ಸೇತುವೆಗೆ ಕೆಲವು ಝೂಂಬಿನಿ ಕಂಡರೆ ಆಗುವುದಿಲ್ಲ, ಸೀನಿ ಆಚೆ ಎಸೆಯುತ್ತದೆ. ಕೆಂಪು ಮೂಗು ಕಂಡರೆ ಆಗದೋ, ಕನ್ನಡಕ ಕಂಡರೆ ಆಗದೋ, ಯಾರೂ ಹೇಳುವುದಿಲ್ಲ. ನೀವೇ ಒಬ್ಬೊಬ್ಬರನ್ನು ಕಳಿಸಿ ಪತ್ತೆ ಹಚ್ಚಬೇಕು. ಒಂದೊಂದು ಸೀನಿಗೆ ಸೇತುವೆಯ ಒಂದೊಂದು ಗೂಟ ಕಿತ್ತು ಬರುತ್ತದೆ. ಇರುವುದೇ ಆರು ಗೂಟ. ಹಾಗಾಗಿ ಕುರುಡು ಬಾಣ ಬಿಟ್ಟರೆ ಕಥೆ ಮುಗಿಯಿತು. ನಿಂತು ಯೋಚಿಸಲೇಬೇಕು.

ಇದೇ ಗುಟ್ಟು ನಮ್ಮ ಹಳ್ಳಿಯ ಹುಲಿ-ಕುರಿ ಆಟದಲ್ಲೂ ಇತ್ತು. ಮೂರು ಹುಲಿ, ಹದಿನೈದು ಕುರಿ. ಒಂದು ಕುರಿ ತಪ್ಪಿಟ್ಟರೆ ಹುಲಿ ಹಾರಿ ನುಂಗಿತು, ವಾಪಸು ಬರುವುದಿಲ್ಲ. ಜಗುಲಿ ಮೇಲೆ ಕೂತ ಮುದುಕರು ಕಾಲು ಗಂಟೆ ಗಡ್ಡ ಕೆರೆದುಕೊಂಡು ಒಂದು ಕಲ್ಲು ಸರಿಸುತ್ತಿದ್ದರು. ತಪ್ಪಿಗೆ ಬೆಲೆ ಇದ್ದ ಕಡೆ ಬುದ್ಧಿ ಓಡುತ್ತದೆ.

ಅಂಗಡಿಯ ಮಕ್ಕಳ ತಕ್ಕಡಿ ಆಟದಲ್ಲಿ ತಪ್ಪಿಗೆ ಬೆಲೆಯೇ ಇಲ್ಲ. ನಾಲ್ಕು ಉತ್ತರ ಇದ್ದರೆ ನಾಲ್ಕೂ ಒತ್ತಿ ನೋಡಬಹುದು, ಆನೆ ಹೇಗಿದ್ದರೂ ಕುಣಿಯುತ್ತದೆ. ಇಂಥದ್ದನ್ನು ಒಗಟು ಅನ್ನುವುದಕ್ಕಿಂತ, ಕಿರುಪರೀಕ್ಷೆಗೆ ಬಣ್ಣ ಬಳಿದು ಗೆಜ್ಜೆ ಕಟ್ಟಿದ್ದು ಅನ್ನಬಹುದು. ಹಾಗಂತ ಅದರಿಂದ ಏನೂ ಲಾಭವಿಲ್ಲ ಅಂತ ನಾನು ಹೇಳುವುದಿಲ್ಲ. ಮಗ್ಗಿ ಉರು ಹೊಡೆಯಲು ಅದೂ ಆಗುತ್ತದೆ. ಆದರೆ ಅಪ್ಪಂದಿರು ಎರಡೂ ಒಂದೇ ಅಂದುಕೊಂಡು ಮೊಬೈಲು ಕೊಟ್ಟು ನಿಶ್ಚಿಂತೆಯಾಗಿ ಬೇಳೆ ತೂಗುತ್ತಾರಲ್ಲ, ಅದು ಸರಿಯಲ್ಲ.

ಈ ವರದಿಗಾರನ ಕಂಪ್ಯೂಟರ್ ವಿದ್ಯಾಭ್ಯಾಸ

ಇಲ್ಲಿ ಸ್ವಂತ ಕಥೆ ಹೇಳದೆ ವಿಧಿಯಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಓದುತ್ತಿದ್ದ ಶಾಲೆಗೆ (ಯಾವ ಶಾಲೆ ಅನ್ನುವುದು ಬೇಡ, ಬೆಂಗಳೂರಿನಿಂದ ಬಹಳ ದೂರವೇನಲ್ಲ) ಒಂದು ಕಂಪ್ಯೂಟರು ಬಂತು. ತೆಂಗಿನಕಾಯಿ ಒಡೆದು, ಅರಿಶಿನ ಕುಂಕುಮ ಹಚ್ಚಿದೆವು. ಅದಕ್ಕೊಂದು ಬೇರೆ ಕೋಣೆ. ಚಪ್ಪಲಿ ಹೊರಗೆ. ದೂಳು ಹೋಗಬಾರದೆಂದು ಪರದೆಗೆ ಹೂವಿನ ಬಟ್ಟೆಯ ಹೊದಿಕೆ.

ವಾರಕ್ಕೆ ಒಂದು ಪೀರಿಯಡ್. ಒಂಬತ್ತು ಜನರ ಗುಂಪು. ಸಿಡಿ ಹಾಕಿದರೆ ಕನ್ನಡದಲ್ಲೇ ಮಾತಾಡುವ ಆಟ. ಸಂತೆಗೆ ಹೋಗು, ತರಕಾರಿ ತಗೋ, ಚಿಲ್ಲರೆ ಲೆಕ್ಕ ಹಾಕು. ನನಗೆ ಅದು ಸಿನಿಮಾಕ್ಕಿಂತ ಹೆಚ್ಚಾಗಿತ್ತು. ಆದರೆ ಮೌಸು ಯಾವಾಗಲೂ ಒಬ್ಬನ ಕೈಯಲ್ಲೇ. ಊರಿನ ದೊಡ್ಡ ಮನೆ ಹುಡುಗ. ಅವನ ಪಕ್ಕದ ಸ್ಟೂಲು ಅವನ ಗೆಳೆಯನದು. ಮೂರನೇ ಸಾಲಿನಲ್ಲಿ ನಾನು. ನನ್ನ ಹಿಂದೆ ಹುಡುಗಿಯರು, ಕಾಲ ಬೆರಳ ಮೇಲೆ ನಿಂತು. ಅವರಿಗೆ ಪರದೆಯ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು ಅನ್ನಿಸುತ್ತದೆ. ಮೇಷ್ಟ್ರು ಒಳ್ಳೆಯವರೇ. ಕಂಪ್ಯೂಟರ್ ಕೆಟ್ಟರೆ ತಮ್ಮ ತಲೆಗೆ ಬರುತ್ತದೆಂಬ ಭಯದಲ್ಲಿ "ಗೊತ್ತಿರೋನು ಒಬ್ನೇ ಮುಟ್ಲಿ" ಅನ್ನುತ್ತಿದ್ದರು. ಮುಟ್ಟದೆ ಗೊತ್ತಾಗುವುದು ಹೇಗೆ ಅಂತ ಕೇಳುವ ಧೈರ್ಯ ನಮಗಿರಲಿಲ್ಲ.

ಎರಡು ವರ್ಷದಲ್ಲಿ ನಾನು ಮೌಸ್ ಮುಟ್ಟಿದ್ದು ಮೂರು ಸಲ. ಅದರಲ್ಲಿ ಒಂದು ಸಲ ಆಯುಧಪೂಜೆಗೆ ಒರೆಸಲು.

ಲೆಕ್ಕದಲ್ಲಿ ನಾನು ಮುಂದೆ ಏನಾದೆ ಅನ್ನುವುದಕ್ಕೂ ಆ ಮೌಸಿಗೂ ಸಂಬಂಧ ಕಟ್ಟುವುದಿಲ್ಲ. ಪಿಯುಸಿ ಬಿಟ್ಟದ್ದಕ್ಕೆ ಬೇರೆ ಕಾರಣಗಳಿದ್ದವು, ಗಣಿತವೂ ಅದರಲ್ಲಿ ಒಂದು. ಆದರೆ ಇವತ್ತಿಗೂ ಆಫೀಸಿನಲ್ಲಿ ಹೊಸ ಯಂತ್ರ ಬಂದರೆ ನಾನು ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಯಾರಾದರೂ ಗೊತ್ತಿರೋರು ಮುಟ್ಲಿ ಅಂತ.

ಒಂದು ಪರದೆಗೆ ಐದು ಮೌಸು

ಇದು ನನ್ನೊಬ್ಬನ ಕಥೆಯಲ್ಲ ಅಂತ ತಿಳಿದದ್ದು ಬಹಳ ತಡವಾಗಿ. ನಮ್ಮ ಕರ್ನಾಟಕದ ಕಂಪ್ಯೂಟರ್ ಕೋಣೆಗಳಿಗೆ ಹೋಗಿ ಇದನ್ನೇ ಕಣ್ಣಾರೆ ನೋಡಿ, ಬರೆದಿಟ್ಟು, ಅದಕ್ಕೊಂದು ಉಪಾಯ ಮಾಡಿದವರು ಇದೇ ಬೆಂಗಳೂರಿನಲ್ಲಿದ್ದರು.

ಹಿನ್ನೆಲೆ ಹೀಗಿದೆ. 2000ದ ನಂತರದ ವರ್ಷಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯದ ಸರ್ಕಾರಿ ಶಾಲೆಗಳಿಗೆಂದು ಕನ್ನಡದಲ್ಲಿ ಆಟ, ಕಥೆ, ಒಗಟುಗಳ ಸಿಡಿಗಳನ್ನು ತಯಾರಿಸಿ ಹಂಚಿತು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಇಂಗ್ಲಿಷ್ ಬಾರದ ಮಗುವಿಗೆ ಕಂಪ್ಯೂಟರು ಕನ್ನಡ ಮಾತಾಡಿದ್ದೇ ಒಂದು ಹಬ್ಬ. ಆದರೆ ಕಂಪ್ಯೂಟರುಗಳು ಬೆರಳೆಣಿಕೆ, ಮಕ್ಕಳು ಕಿಕ್ಕಿರಿದು.

2005ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧನಾಲಯವೊಂದು ಬೆಂಗಳೂರಿನಲ್ಲಿ ಶುರುವಾಯಿತು. ಅಲ್ಲಿದ್ದ ಉದಯ್ ಸಿಂಗ್ ಪವಾರ್, ಜೋಯೋಜೀತ್ ಪಾಲ್, ರಾಹುಲ್ ಗುಪ್ತಾ, ಕೆಂಟಾರೊ ಟೊಯಾಮ ಎಂಬುವರು ಹಳ್ಳಿ ಶಾಲೆಗಳ ಈ ಗುಂಪುಗಳ ಮೇಲೆ ಕಣ್ಣಿಟ್ಟರು. ಒಂದು ಪರದೆ, ಸುತ್ತ ಹಲವು ಮಕ್ಕಳು, ಮೌಸು ಮಾತ್ರ ಗಟ್ಟಿ ಕೈಯವನ ಹತ್ತಿರ. ಮಿಕ್ಕವರು ಪ್ರೇಕ್ಷಕರು.

ಕಂಪ್ಯೂಟರ್ ಕೊಳ್ಳಲು ದುಡ್ಡಿಲ್ಲ, ಸರಿ. ಮೌಸ್ ಕೊಳ್ಳಬಹುದಲ್ಲ? ಇದು ಅವರಿಗೆ ಹೊಳೆದ ಉಪಾಯ. ಒಂದೇ ಕಂಪ್ಯೂಟರಿಗೆ ಐದು ಮೌಸು ಸಿಕ್ಕಿಸಿದರು. ಪರದೆಯ ಮೇಲೆ ಐದು ಬಾಣ, ಒಂದೊಂದಕ್ಕೆ ಒಂದೊಂದು ಬಣ್ಣ. ಕೆಂಪು ಬಾಣ ನಿನ್ನದು, ಹಸಿರು ನನ್ನದು. ಸಾಫ್ಟ್‌ವೇರ್ ಸ್ವಲ್ಪ ಬದಲಾಯಿಸಬೇಕಾಯಿತು, ಅಷ್ಟೇ. ಇವತ್ತು ಎಸ್.ಪಿ. ರಸ್ತೆಗೆ ಹೋದರೆ ಇನ್ನೂರು ಮುನ್ನೂರು ರೂಪಾಯಿಗೆ ಒಂದು ಮೌಸು ಸಿಗುತ್ತದೆ. ಐದು ಮಕ್ಕಳ ಕೈಗೆ ಕೆಲಸ ಕೊಡಲು ಸಾವಿರದೈನೂರು ಸಾಕು ಅಂತಾಯಿತು.

ಮೌಸು ಕೊಟ್ಟದ್ದು ಅರ್ಧ ಕೆಲಸ. ಉಳಿದರ್ಧವೇ ನನಗೆ ಹೆಚ್ಚು ರುಚಿಸಿದ್ದು. ಅವರು 238 ಮಕ್ಕಳನ್ನು ಕೂರಿಸಿ, ಇಂಗ್ಲಿಷ್ ಪದ ಕಲಿಯುವ ಆಟವೊಂದನ್ನು ಬೇರೆ ಬೇರೆ ರೀತಿಯಲ್ಲಿ ಆಡಿಸಿದರು. ಕೆಲವರಿಗೆ ಒಬ್ಬರಿಗೊಂದು ಕಂಪ್ಯೂಟರು. ಕೆಲವು ಗುಂಪಿಗೆ ಹಳೇ ಪದ್ಧತಿ, ಎಲ್ಲರಿಗೂ ಸೇರಿ ಒಂದೇ ಮೌಸು. ಇನ್ನು ಕೆಲವು ಗುಂಪಿಗೆ ಐದು ಮೌಸು. ಈ ಐದು ಮೌಸಿನಲ್ಲಿ ಮತ್ತೆ ಎರಡು ಕಾನೂನು.

ಮೊದಲನೆಯದು ಓಟದ ಕಾನೂನು. ಯಾರು ಮೊದಲು ಸರಿಯುತ್ತರ ಒತ್ತುತ್ತಾರೋ ಅವರಿಗೆ ಜಯ, ಆಟ ಮುಂದಕ್ಕೆ. ಎರಡನೆಯದು ಒಪ್ಪಿಗೆಯ ಕಾನೂನು. ಐದೂ ಜನ ಸರಿಯುತ್ತರ ಒತ್ತುವವರೆಗೆ ಆಟ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಏನಾಯಿತು ನೋಡಿ. ಓಟದ ಆಟದಲ್ಲಿ ಗಲಾಟೆಯೋ ಗಲಾಟೆ. ಮುಖ್ಯವಾಗಿ ಹುಡುಗರು, ಪದ ಓದುವ ಗೋಜಿಗೇ ಹೋಗದೆ ಪಟಪಟ ಒತ್ತುವುದು. ಯಾವುದೋ ಒಂದು ಸರಿ ಬೀಳುತ್ತದೆ. ಕಲಿತದ್ದು ಕಡಿಮೆ. ಒಪ್ಪಿಗೆಯ ಆಟದಲ್ಲಿ ಮಕ್ಕಳು ಮಾತಾಡತೊಡಗಿದರು. ಗೊತ್ತಿದ್ದವನು ಗೊತ್ತಿಲ್ಲದವಳಿಗೆ ಹೇಳಲೇಬೇಕು, ಇಲ್ಲದಿದ್ದರೆ ಅವನೂ ಅಲ್ಲೇ ಕೂರಬೇಕು. ಹುಡುಗಿಯರ ಕಲಿಕೆ ಯಾವ ಕಾನೂನಿನಲ್ಲೂ ಹೆಚ್ಚು ಏರುಪೇರಾಗಲಿಲ್ಲ. ಹುಡುಗರದು ಮಾತ್ರ ಆಟದ ಕಾನೂನಿಗೆ ತಕ್ಕಂತೆ ಕುಣಿಯಿತು. ಒಟ್ಟಾರೆ ನೋಡಿದರೆ, ಐದು ಜನ ಐದು ಮೌಸು ಹಿಡಿದು ಕಲಿತದ್ದು, ಒಬ್ಬೊಬ್ಬರೇ ಒಂದೊಂದು ಕಂಪ್ಯೂಟರಿನ ಮುಂದೆ ಕೂತು ಕಲಿತದ್ದಕ್ಕೆ ಸರಿಸಮ. ಈ ಫಲಿತಾಂಶವನ್ನು ಅವರು 2007ರಲ್ಲಿ ಅಮೆರಿಕದ ಸಮ್ಮೇಳನವೊಂದರಲ್ಲಿ ಮಂಡಿಸಿದರು.

ಆಟ ಒಂದೇ, ಮಕ್ಕಳೂ ಅದೇ ವಯಸ್ಸಿನವರು. ಗೆಲುವು ಯಾರಿಗೆ, ಹೇಗೆ ಎಂಬ ಒಂದು ಸಾಲಿನ ಕಾನೂನು ಬದಲಾಯಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಆಮೇಲೆ ಏನಾಯ್ತು?

ಓದುಗರು ಕೇಳಬಹುದು: ಹಾಗಾದರೆ ಪ್ರತಿ ಶಾಲೆಯಲ್ಲೂ ಐದು ಮೌಸು ಯಾಕಿಲ್ಲ? ಉಪಾಯವೇನೋ ಊರೂರು ಸುತ್ತಿತು, ಕಂಪನಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆದರೆ ಉಪಾಯ ಕಂಡುಹಿಡಿದವರಲ್ಲಿ ಒಬ್ಬರಾದ ಟೊಯಾಮ ಅವರೇ ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ, 2015ರಲ್ಲಿ 'ಗೀಕ್ ಹೆರೆಸಿ' ಎಂಬ ಪುಸ್ತಕ ಬರೆದರು. ಅದರಲ್ಲಿ ಅವರು ಹೇಳುವುದು ಇಷ್ಟು: ಯಂತ್ರ ಇದ್ದದ್ದನ್ನು ದೊಡ್ಡದು ಮಾಡುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ. ಒಳ್ಳೆ ಮೇಷ್ಟ್ರು ಇದ್ದ ಕಡೆ ಮೌಸು ಕೆಲಸ ಮಾಡಿತು. ಮೇಷ್ಟ್ರೇ ಇಲ್ಲದ ಕಡೆ ಕಂಪ್ಯೂಟರ್ ಕೋಣೆಗೆ ಬೀಗ.

ಸಿಡಿ ಹಂಚಿದ ಪ್ರತಿಷ್ಠಾನದವರೂ ಅದೇ ಮಾತಿಗೆ ಬಂದರು. 2010ರ ಕೊನೆಯಲ್ಲಿ ಅದರ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ 'ಮಿಂಟ್' ಪತ್ರಿಕೆಯಲ್ಲಿ, ಶಾಲೆಯ ಕಷ್ಟಗಳಿಗೆ ಕಂಪ್ಯೂಟರೇ ಮದ್ದು ಎಂಬ ಮೋಹ ನಿಜವಾದ ಕೆಲಸದಿಂದ ನಮ್ಮ ಗಮನ ತಪ್ಪಿಸುತ್ತದೆ ಎಂಬ ಅರ್ಥದಲ್ಲಿ ಬರೆದರು. ವರ್ಷಗಟ್ಟಲೆ ದುಡ್ಡು, ದುಡಿಮೆ ಹಾಕಿ, ಆಮೇಲೆ ಪೇಪರಿನಲ್ಲಿ ಹೀಗೆ ಒಪ್ಪಿಕೊಳ್ಳುವುದು ನಮ್ಮ ದೇಶದಲ್ಲಿ ದಿನಾ ನಡೆಯುವ ಸಂಗತಿಯಲ್ಲ. ನಮ್ಮ ಯಾವುದಾದರೂ ಫ್ಲೈಓವರ್ ಬಗ್ಗೆ ಯಾರಾದರೂ ಹೀಗೆ ಒಪ್ಪಿಕೊಂಡದ್ದು ಕೇಳಿದ್ದೀರಾ?

ಇದಕ್ಕೆ ಉಲ್ಟಾ ಹೊಡೆಯುವ ಕಥೆಯೂ ಒಂದಿದೆ, ಅದರಲ್ಲೂ ಬೆಂಗಳೂರಿನವರಿದ್ದಾರೆ. ಮೇಷ್ಟ್ರೇ ಇಲ್ಲದ ಊರಿನಲ್ಲಿ, ಮಗು ತಾನೇ ಆಡಿ ಓದು, ಬರಹ, ಲೆಕ್ಕ ಕಲಿಯುವಂಥ ಆಟ ಮಾಡಿಕೊಡಿ ಎಂದು 2014ರಲ್ಲಿ ಎಕ್ಸ್‌ಪ್ರೈಜ್ ಎಂಬ ಸಂಸ್ಥೆ ಜಾಗತಿಕ ಸ್ಪರ್ಧೆ ಕರೆಯಿತು. ಬಹುಮಾನದ ಒಟ್ಟು ಮೊತ್ತ 1.5 ಕೋಟಿ ಡಾಲರು. 2017ರಲ್ಲಿ ಕೊನೆಯ ಐದು ತಂಡ ಉಳಿದವು. ಅದರಲ್ಲಿ ಒಂದು ನಮ್ಮ ಬೆಂಗಳೂರಿನ 'ಚಿಂಪಲ್'. ಅರವತ್ತಕ್ಕೂ ಹೆಚ್ಚು ಆಟ, ಎಪ್ಪತ್ತು ಕಥೆ ಕಟ್ಟಿಕೊಂಡು ಹೋದವರು. ಕೊನೆಯ ಸುತ್ತಿಗೆ ಬಂದ ಪ್ರತಿ ತಂಡಕ್ಕೂ ಹತ್ತು ಲಕ್ಷ ಡಾಲರು ಸಿಕ್ಕಿತು.

ಪರೀಕ್ಷೆ ನಡೆದದ್ದು ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ, ತಾಂಗಾ ಪ್ರಾಂತ್ಯದ ಸುಮಾರು 170 ಹಳ್ಳಿಗಳಲ್ಲಿ. ಎರಡೂವರೆ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಟ್ಯಾಬ್ಲೆಟ್ ಕೊಟ್ಟರು. ಕರೆಂಟಿಲ್ಲ, ಸೌರಶಕ್ತಿಯಿಂದ ಚಾರ್ಜು. ಆ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ತಮ್ಮ ಸ್ವಾಹಿಲಿ ಭಾಷೆಯ ಒಂದು ಪದವೂ ಓದಲು ಬರುತ್ತಿರಲಿಲ್ಲ. ಹದಿನೈದು ತಿಂಗಳಾದ ಮೇಲೆ ಆ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. 2019ರ ಮೇ ತಿಂಗಳಲ್ಲಿ ಬೇರೆ ಎರಡು ತಂಡಗಳು ಮೊದಲ ಬಹುಮಾನ ಹಂಚಿಕೊಂಡವು.

ಅರ್ಧಕ್ಕೆ ಇಳಿಯಿತು ಅಂದರೆ ಇನ್ನರ್ಧ ಉಳಿಯಿತು ಅಂತಲೂ ಆಯಿತು, ನಿಜ. ಆದರೂ ಸೊನ್ನೆಯಿಂದ ಅಲ್ಲಿಗೆ ಬಂದದ್ದು ಸಣ್ಣ ಮಾತಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಅಲ್ಲಿ ಪ್ರತಿ ಮಗುವಿಗೂ ತನ್ನದೇ ಪರದೆ. ಕಾಲ ಬೆರಳ ಮೇಲೆ ನಿಂತು ಇಣುಕಿದವರಿಲ್ಲ.

ಮನೆಗೊಂದು ಮೊಬೈಲು

ನಮ್ಮ ದೊಮ್ಮಲೂರಿಗೆ ಬರೋಣ. ರಿಂಗ್ ರೋಡಿನ ಆ ಕಡೆ ಗಾಲ್ಫ್ ಲಿಂಕ್ಸ್ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಆಳಿಗೊಂದು ಟ್ಯಾಬ್ಲೆಟ್ ಇರಬಹುದು. ಈ ಕಡೆ ಗಲ್ಲಿಗಳಲ್ಲಿ ಮನೆಗೊಂದು ಒಳ್ಳೆ ಮೊಬೈಲು. ಅದು ಅಪ್ಪನದು. ಹಗಲೆಲ್ಲ ಅದರಲ್ಲಿ ವ್ಯಾಪಾರ. ಸಂಜೆ ಮಕ್ಕಳ ಕೈಗೆ ಬಂದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಅದರಲ್ಲೂ ದೊಡ್ಡವನಿಗೆ ಮೊದಲು. ನನ್ನ ಶಾಲೆಯ ಆ ಹೂವಿನ ಹೊದಿಕೆಯ ಕೋಣೆ ಇಪ್ಪತ್ತು ವರ್ಷದ ಮೇಲೆ ಇಲ್ಲಿ ಅಕ್ಕಿ ಮೂಟೆಯ ಮೇಲೆ ಬಂದು ಕೂತಿದೆ.

ಒಳ್ಳೆ ಆಟಕ್ಕೆ ಬರವಿಲ್ಲ, ದುಡ್ಡೂ ಬೇಕಿಲ್ಲ. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷರ ಫೌಂಡೇಶನ್‌ನವರ 'ಬಿಲ್ಡಿಂಗ್ ಬ್ಲಾಕ್ಸ್' ಅಂತ ಒಂದಿದೆ. ಪ್ರಾಥಮಿಕ ಶಾಲೆಯ ಗಣಿತದ ಆಟಗಳು, ಕನ್ನಡದಲ್ಲೂ ಉಂಟು, ಪುಕ್ಕಟೆ. ಒಂದು ಸಲ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಸಾಧಾರಣ ಮೊಬೈಲು ಸಾಕು. ಇದೇ ಸಂಸ್ಥೆಯವರು ಸರ್ಕಾರಿ ಶಾಲೆಗಳಲ್ಲಿ ಗಣಿತ ಕಲಿಕಾ ಆಂದೋಲನ ಅಂತ ನಡೆಸಿದಾಗ ಮಣಿಕಟ್ಟು, ಭಿನ್ನರಾಶಿಯ ತುಂಡು, ಆಟದ ನೋಟು ನಾಣ್ಯ ತುಂಬಿದ ಪೆಟ್ಟಿಗೆ ಕೊಟ್ಟಿದ್ದರು. ಕೈಯಲ್ಲಿ ಹಿಡಿದು ಆಡುವುದು ಮೊದಲು, ಪರದೆ ಆಮೇಲೆ. ಇನ್ನೊಂದು 'ಜಿಕಾಂಪ್ರಿ'. ಫ್ರಾನ್ಸಿನಲ್ಲಿ 2000ದಲ್ಲಿ ಹುಟ್ಟಿದ್ದು, ಹೆಸರಿನ ಅರ್ಥವೇ 'ನನಗೆ ತಿಳೀತು' ಅಂತ. ನೂರಕ್ಕೂ ಮೀರಿ ಆಟಗಳು, ಜಾಹೀರಾತಿಲ್ಲ.

ಜಾಹೀರಾತಿಲ್ಲ ಅನ್ನುವುದನ್ನು ಅಂಗಡಿಯವರು ಮುಖ್ಯವಾಗಿ ಗಮನಿಸಬೇಕು. ಎಷ್ಟೋ ಆಟಗಳು ಪುಕ್ಕಟೆ ಅಂತ ಬಂದು, ಎರಡು ಒಗಟಿಗೊಮ್ಮೆ ಜಾಹೀರಾತು ತೋರಿಸಿ, ಮೂರನೆಯದಕ್ಕೆ ದುಡ್ಡು ಕೇಳುತ್ತವೆ. ವ್ಯಾಪಾರದ ಮೊಬೈಲಿನಲ್ಲಿ ಪಾವತಿಯ ಸೌಕರ್ಯ ತೆರೆದೇ ಇರುತ್ತದೆ, ಮಗುವಿಗೆ ಬಣ್ಣದ ಗುಂಡಿ ಕಂಡರೆ ಒತ್ತುತ್ತದೆ. ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮಾತು ಬೇರೆ. ಅವನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿತು. ಮೊಬೈಲ್ ಆಟ ಅಂದ ಕೂಡಲೇ ಅದನ್ನೂ ಇದನ್ನೂ ಒಂದೇ ಚೀಲಕ್ಕೆ ತುಂಬಿ ಬೈಯುವವರು ನಮ್ಮಲ್ಲಿ ಬಹಳ ಜನ.

ಕಣ್ಣಿನ ಪ್ರಶ್ನೆ ಕೇಳಿದ್ದರಲ್ಲ, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ಮುಖಕ್ಕೆ ಅಂಟಿಸಿಕೊಂಡು ಗಂಟೆಗಟ್ಟಲೆ ನೋಡಿದರೆ ಕಣ್ಣಿಗೆ ಆಯಾಸವೇ. ಮಕ್ಕಳು ಹಗಲು ಬೆಳಕಿನಲ್ಲಿ ಹೊರಗೆ ಆಡುವುದು ಕಡಿಮೆಯಾದರೆ ದೂರದೃಷ್ಟಿ ಮಂದವಾಗುವ ಸಂಭವ ಹೆಚ್ಚು ಎಂದು ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಅರ್ಧ ಗಂಟೆ ಒಗಟಿನಿಂದ ಯಾರ ಕಣ್ಣೂ ಹೋಗುವುದಿಲ್ಲ.

ಮೂಟೆಯ ಮೇಲೆ ಒಂದು ಪ್ರಯೋಗ

ಇಷ್ಟೆಲ್ಲ ತಿಳಿದುಕೊಂಡು ಎರಡು ದಿನ ಬಿಟ್ಟು ಮತ್ತೆ ಅದೇ ಅಂಗಡಿಗೆ ಹೋದೆ. ಐದು ಮೌಸಿನವರ ಕಾನೂನನ್ನು ಇಲ್ಲಿ ನೋಡೇಬಿಡೋಣ ಅನ್ನಿಸಿತ್ತು. ಮಕ್ಕಳಿಗೆ ಹೇಳಿದೆ: "ಇವತ್ತು ಇಬ್ಬರೂ ಒಪ್ಪಿದ ಮೇಲೇ ಒತ್ತಬೇಕು. ಒಬ್ಬರು ಬೇಡ ಅಂದ್ರೆ ಒತ್ತೋ ಹಾಗಿಲ್ಲ."

ಮೊದಲ ಐದು ನಿಮಿಷ ಬರೀ ಜಗಳ. ಅಣ್ಣ ಅಭ್ಯಾಸಬಲದಿಂದ ಒತ್ತುವುದು, ತಂಗಿ "ಅಂಕಲ್, ನೋಡಿ" ಅನ್ನುವುದು. ಮೊಬೈಲು ಕಿತ್ತಾಟದಲ್ಲಿ ಒಂದು ಸಲ ಕಡಲೆಬೇಳೆ ಚೀಲಕ್ಕೆ ಬಿತ್ತು. ಯಜಮಾನರು ನನ್ನ ಕಡೆ ನೋಡಿದ ನೋಟ ಚೆನ್ನಾಗಿರಲಿಲ್ಲ.

ಆಮೇಲೆ ಬಂತು ತಕ್ಕಡಿ. ಎಡಗಡೆ 4 ಮತ್ತು 9. ಬಲಗಡೆ 6, ಪಕ್ಕದಲ್ಲಿ ಖಾಲಿ.

"ಎಂಟು" ಅಂದ ಅಣ್ಣ.

"ಅಲ್ಲ, ಏಳು."

"ಹೆಂಗೆ?"

ಹುಡುಗಿಗೆ ಉತ್ತರ ಗೊತ್ತು, ಹೇಗೆ ಅಂತ ಹೇಳಲು ಬರುತ್ತಿಲ್ಲ. ಸುಮ್ಮನೆ ಏಳು ಏಳು ಅಂದಳು. ಅಣ್ಣ ಒಪ್ಪಲಿಲ್ಲ. ಅವಳು ಮೂಟೆಯಿಂದ ಜಿಗಿದು, ಐದು ರೂಪಾಯಿ ಬಿಸ್ಕೆಟ್ ಪೊಟ್ಟಣಗಳನ್ನು ತಂದು ಗಲ್ಲಾಪೆಟ್ಟಿಗೆಯ ಮೇಲೆ ಜೋಡಿಸತೊಡಗಿದಳು. ಈ ಕಡೆ ನಾಲ್ಕು, ಅದಕ್ಕೆ ಒಂಬತ್ತು. ಆ ಕಡೆ ಆರು. "ಈಗ ಎರಡೂ ಕಡೆ ಒಂದೊಂದೇ ಎತ್ತು" ಅಂದಳು. ಅಣ್ಣ ಎತ್ತುತ್ತಾ ಹೋದ. ಆ ಕಡೆ ಆರೂ ಖಾಲಿಯಾದಾಗ ಈ ಕಡೆ ಉಳಿದದ್ದನ್ನು ಎಣಿಸಿದ. ಒಂದು ಸಲ ಎಣಿಸಿ, ನಂಬಿಕೆ ಬಾರದೆ ಇನ್ನೊಂದು ಸಲ ಎಣಿಸಿದ. ಏನೂ ಮಾತಾಡದೆ ಮೊಬೈಲನ್ನು ಅವಳ ಕಡೆ ತಿರುಗಿಸಿದ. ಅವಳು 7 ಒತ್ತಿದಳು.

ಗಂಟೆ ಬಾರಿಸುವುದಕ್ಕೂ, ಅಂಗಡಿಯ ಪೆಟ್ಟಿಗೆಯೊಂದು "ನೂರಾ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಕೂಗುವುದಕ್ಕೂ ಸರಿಹೋಯಿತು. ಗಿರಾಕಿ ನೂರೈವತ್ತು ಕಳಿಸಿದ್ದೇನೆ ಅಂತ ಹಟ ಹಿಡಿದರು. ಲೆಕ್ಕ ನೋಡಲು ಯಜಮಾನರು ಮಗಳ ಕೈಯಿಂದ ಮೊಬೈಲು ತೆಗೆದುಕೊಂಡರು. ಅವತ್ತಿನ ಆಟ ಅಲ್ಲಿಗೆ ನಿಂತಿತು.

ಗಿರಾಕಿ ಹೋದ ಮೇಲೆ ಯಜಮಾನರು ಬಿಸ್ಕೆಟ್ ಪೊಟ್ಟಣಗಳನ್ನು ಡಬ್ಬಿಗೆ ತುಂಬುತ್ತಾ ಅಂದರು: "ಮನೇಲಿ ನನ್ನ ಹಳೇ ಮೊಬೈಲ್ ಒಂದು ಬಿದ್ದಿದೆ ಸಾರ್. ಬ್ಯಾಟರಿ ಊದ್ಕೊಂಡಿದೆ. ಭಾನುವಾರ ಶಿವಾಜಿನಗರಕ್ಕೆ ಹೋದಾಗ ಹೊಸದು ಹಾಕಿಸ್ತೀನಿ. ಇವಳಿಗೂ ಒಂದಾಗುತ್ತೆ."

ಹುಡುಗಿ ಅಪ್ಪನ ಮುಖ ನೋಡಿದಳು.

"ಅದು ದೊಡ್ಡ ಮೊಬೈಲು. ಅದು ನಂಗೆ" ಅಂದ ಹುಡುಗ.